ಚಾವಣಿಯ ಮೇಲೆ ಬಿಸಿಲು, ಒಳಗೆ ಹಳೇ ವೈರು

ಅಮೆರಿಕದ ಅರಿಜೋನಾ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಕ್ಯಾಲಿಫೋರ್ನಿಯಾ ಗಡಿಗೆ ಹತ್ತಿರದಲ್ಲಿ ಕ್ವಾರ್ಟ್‌ಸೈಟ್ ಎಂಬ ಪುಟ್ಟ ಊರಿದೆ. ಬೇಸಿಗೆಯಲ್ಲಿ ಅಲ್ಲಿ ಕೆಲವೇ ಸಾವಿರ ಜನ. ಮೈಸುಡುವ ಬಿಸಿಲಿಗೆ ಹೆದರಿ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಡಿಸೆಂಬರ್, ಜನವರಿ ಬಂತೆಂದರೆ ಚಿತ್ರವೇ ಬೇರೆ. ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬಂದವರ, ಮನೆಯನ್ನೇ ಒಳಗಿಟ್ಟುಕೊಂಡ ಮೋಟಾರ್‌ಹೋಮ್‌ಗಳು ಊರಿನ ಸುತ್ತಲಿನ ಮರಳುಗಾಡಿನಲ್ಲಿ ಕಣ್ಣು ಹಾಯುವಷ್ಟು ದೂರ ನಿಂತಿರುತ್ತವೆ. ಅಲ್ಲಿನ ಲಾ ಪೋಸಾ ಬಯಲು ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಗೆ ಸೇರಿದ್ದು. ಸೆಪ್ಟೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ, ಅಂದರೆ ಏಳು ತಿಂಗಳು ಬೀಡುಬಿಡಲು ಅಲ್ಲಿ ವರ್ಷಗಟ್ಟಲೆ ಇದ್ದ ಶುಲ್ಕ 180 ಡಾಲರ್. ಆ ದುಡ್ಡಿಗೆ ಜಾಗ ಸಿಗುತ್ತದೆ, ಆಕಾಶ ಸಿಗುತ್ತದೆ. ಕರೆಂಟು ಮಾತ್ರ ಸಿಗುವುದಿಲ್ಲ.

ಹಾಗಾಗಿ ಅಲ್ಲಿ ಬಂದಿಳಿಯುವ ಗಾಡಿಗಳ ನೆತ್ತಿಯ ಮೇಲೆ ಸೋಲಾರ್ ಪ್ಯಾನೆಲ್ ಇಲ್ಲದಿದ್ದರೆ ಅದೇ ವಿಶೇಷ. ಹೊಸ ಗಾಡಿಗಳ ಮಾತು ಬಿಡಿ, ಅವುಗಳಲ್ಲಿ ಹಲವು ಕಾರ್ಖಾನೆಯಿಂದಲೇ ಪ್ಯಾನೆಲ್ ಹೊತ್ತು ಬರುತ್ತವೆ. ಕುತೂಹಲ ಹುಟ್ಟಿಸುವುದು ಮೂವತ್ತು, ನಲವತ್ತು, ಐವತ್ತು ವರ್ಷ ಹಳೆಯ ಗಾಡಿಗಳು. ಸೋಲಾರ್ ಎಂಬುದು ಉಪಗ್ರಹಗಳಿಗೆ ಮಾತ್ರ ಎಂದು ಜನ ತಿಳಿದಿದ್ದ ಕಾಲದಲ್ಲಿ ತಯಾರಾದವೂ ಅವುಗಳಲ್ಲಿವೆ.

ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯ ವಿನೆಬೇಗೊ ಕಂಪನಿ ತನ್ನ ಮೊದಲ ಮೋಟಾರ್‌ಹೋಮ್ ಹೊರತಂದದ್ದು 1966ರಲ್ಲಿ. ಜನರಲ್ ಮೋಟಾರ್ಸ್ ತನ್ನ ಜಿಎಂಸಿ ಮೋಟಾರ್‌ಹೋಮನ್ನು 1973ರಿಂದ 1978ರವರೆಗೆ ತಯಾರಿಸಿತು. ಮೊದಲ ವರ್ಷಗಳಲ್ಲಿ ಏಳೂವರೆ ಲೀಟರಿನ ಓಲ್ಡ್ಸ್‌ಮೊಬೈಲ್ ಎಂಜಿನ್, ಮುಂದಿನ ಚಕ್ರಗಳಿಗೆ ಚಾಲನೆ, 23 ಮತ್ತು 26 ಅಡಿಯ ಎರಡು ಉದ್ದ. ಆರು ವರ್ಷಗಳಲ್ಲಿ ಹೊರಬಂದದ್ದು ಸುಮಾರು 13 ಸಾವಿರ ಗಾಡಿಗಳು. ಅವುಗಳಲ್ಲಿ ಗಣನೀಯ ಪಾಲು ಇವತ್ತಿಗೂ ಅಭಿಮಾನಿಗಳ ಕೈಯಲ್ಲಿ ಓಡುತ್ತಿದೆ. ಅದೇ 1970ರ ದಶಕದ ಆರಂಭದಲ್ಲಿ ರಸಾಯನ ವಿಜ್ಞಾನಿ ಎಲಿಯಟ್ ಬರ್ಮನ್ ಎಕ್ಸಾನ್ ಕಂಪನಿಯ ಬೆಂಬಲದೊಂದಿಗೆ ಸೋಲಾರ್ ಕೋಶದ ಬೆಲೆಯನ್ನು ವಾಟ್‌ಗೆ 100 ಡಾಲರಿನಿಂದ 20 ಡಾಲರಿಗೆ ಇಳಿಸಿದ್ದರು. ಅದನ್ನೇ ಆಗ ದೊಡ್ಡ ಸಾಧನೆ ಎಂದುಕೊಂಡರು. ಆ ಲೆಕ್ಕದಲ್ಲಿ ಇಂದು ಮೋಟಾರ್‌ಹೋಮಿನ ಮೇಲೆ ಸಾಧಾರಣವಾಗಿ ಕಾಣುವ 400 ವಾಟ್ ಪ್ಯಾನೆಲ್‌ಗೆ ಎಂಟು ಸಾವಿರ ಡಾಲರ್ ತೆರಬೇಕಿತ್ತು. ಇಂದು ವಾಟ್ ಒಂದಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಪ್ಯಾನೆಲ್ ಸಿಗುತ್ತದೆ.

ಪ್ಯಾನೆಲ್ ಅಗ್ಗವಾದದ್ದೇ ಒಂದು ತೊಡಕು. ನಾಲ್ಕು ಪ್ಯಾನೆಲ್ ತಂದು ಚಾವಣಿಗೆ ತಿರುಪು ಹಾಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಜಾಸ್ತಿ. ಹಳೆಯ ಗಾಡಿಯಲ್ಲಿ ಪ್ಯಾನೆಲ್ ಕೂರಿಸುವುದು ಇಡೀ ಕೆಲಸದ ಅತ್ಯಂತ ಸುಲಭದ ಪಾಲು. ಉಳಿದದ್ದೆಲ್ಲ ಒಳಗಿನ ಹಳೇ ವಿದ್ಯುತ್ ವ್ಯವಸ್ಥೆಯ ರಿಪೇರಿ.

ಆ ವ್ಯವಸ್ಥೆ ಹೇಗಿರುತ್ತದೆ ಎಂದು ಮೊದಲು ನೋಡಬೇಕು. ಮೋಟಾರ್‌ಹೋಮ್ ಒಂದೇ ಆದರೂ ಅದರಲ್ಲಿ ಕರೆಂಟಿನ ಸಂಸಾರ ಮೂರು. ಮೊದಲನೆಯದು ಎಂಜಿನ್ನಿನದು: ಸ್ಟಾರ್ಟ್ ಮಾಡುವ 12 ವೋಲ್ಟ್ ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್, ಹೆಡ್‌ಲೈಟು, ಹಾರ್ನು. ಎರಡನೆಯದು ಮನೆಯದು: ಬೇರೆಯೇ ಆದ 12 ವೋಲ್ಟ್ ಬ್ಯಾಟರಿಗಳು, ಅವುಗಳಿಂದ ನಡೆಯುವ ದೀಪ, ನೀರಿನ ಪಂಪು, ಚಳಿಗಾಲದ ಹೀಟರಿನ ಫ್ಯಾನು. ಮೂರನೆಯದು 120 ವೋಲ್ಟಿನ ಎಸಿ ಕರೆಂಟು. ಇದು ಬರುವುದು ಶಿಬಿರತಾಣದ ಪ್ಲಗ್ಗಿನಿಂದ ಅಥವಾ ಗಾಡಿಯ ಹೊಟ್ಟೆಯೊಳಗಿನ ಜನರೇಟರಿನಿಂದ. ಏರ್ ಕಂಡೀಷನರ್, ಮೈಕ್ರೋವೇವ್ ಇದರ ಮೇಲೆ ನಡೆಯುತ್ತವೆ. 120 ವೋಲ್ಟನ್ನು ಇಳಿಸಿ ಮನೆಯ ಬ್ಯಾಟರಿಗೆ ತುಂಬುವ ಪೆಟ್ಟಿಗೆಗೆ ಅಲ್ಲಿನವರು ಕನ್ವರ್ಟರ್ ಎನ್ನುತ್ತಾರೆ. ನಮ್ಮ ಮನೆಗಳ ಯುಪಿಎಸ್ಸಿನಲ್ಲಿ ಇನ್ವರ್ಟರು, ಚಾರ್ಜರು ಎರಡೂ ಒಂದೇ ಡಬ್ಬಿಯಲ್ಲಿರುತ್ತವೆ. ಹಳೆಯ ಮೋಟಾರ್‌ಹೋಮಿನಲ್ಲಿ ಚಾರ್ಜರ್ ಮಾತ್ರ ಇರುತ್ತದೆ, ಇನ್ವರ್ಟರ್ ಇರುವುದಿಲ್ಲ.

ಎಂಬತ್ತರ ದಶಕದ ಕನ್ವರ್ಟರುಗಳು ಗುಂಯ್ ಎನ್ನುವ ಭಾರದ ಟ್ರಾನ್ಸ್‌ಫಾರ್ಮರುಗಳು. ಬ್ಯಾಟರಿ ಖಾಲಿಯಾಗಿರಲಿ, ತುಂಬಿರಲಿ, ಅವು ಕೊಡುವುದು ಹೆಚ್ಚುಕಡಿಮೆ ಒಂದೇ ವೋಲ್ಟೇಜು, 13.8ರ ಆಸುಪಾಸು. ಲೆಡ್-ಆಸಿಡ್ ಬ್ಯಾಟರಿ ಪೂರ್ತಿ ತುಂಬಲು 14.4 ವೋಲ್ಟಿನ ಆಚೀಚೆಯ ಒತ್ತಡ ಕೆಲವು ಗಂಟೆ ಬೇಕು. ತುಂಬಿದ ಮೇಲೆ 13.5ರ ಹತ್ತಿರಕ್ಕೆ ಇಳಿಯಬೇಕು. ಹಳೇ ಕನ್ವರ್ಟರ್ ಎರಡನ್ನೂ ಮಾಡುವುದಿಲ್ಲ. ತುಂಬಬೇಕಾದಾಗ ಅರೆಹೊಟ್ಟೆ, ತುಂಬಿದ ಮೇಲೆ ತಿಂಗಳುಗಟ್ಟಲೆ ಕುದಿಸುವ ಕೆಲಸ. ಡಿಸ್ಟಿಲ್ಡ್ ವಾಟರ್ ಹಾಕುವುದು ಮರೆತರೆ ಬ್ಯಾಟರಿಯ ಪ್ಲೇಟು ಒಣಗಿ ಹೋಗುತ್ತದೆ.

ಸೋಲಾರಿನ ನಿಜವಾದ ಗುಣ ಕಾಣುವುದು ಇಲ್ಲಿ. ಲೆಡ್-ಆಸಿಡ್ ಬ್ಯಾಟರಿ ನೂರರಲ್ಲಿ ಮೊದಲ ಎಂಬತ್ತು ಪಾಲನ್ನು ಬೇಗ ಕುಡಿಯುತ್ತದೆ, ಕೊನೆಯ ಇಪ್ಪತ್ತು ಪಾಲಿಗೆ ಗಂಟೆಗಟ್ಟಲೆ ಸತಾಯಿಸುತ್ತದೆ. ಆ ಕೊನೆಯ ಪಾಲಿಗಾಗಿ ಜನರೇಟರ್ ಓಡಿಸುವುದೆಂದರೆ ಗಂಟೆಗೆ ಎರಡು ಲೀಟರಿನಷ್ಟು ಪೆಟ್ರೋಲ್ ಸುಟ್ಟು ನಾಲ್ಕೈದು ಆಂಪಿಯರ್ ಪಡೆದಂತೆ. ಹಾಗಾಗಿ ಯಾರೂ ಓಡಿಸುವುದಿಲ್ಲ. ಬ್ಯಾಟರಿ ಯಾವತ್ತೂ ಪೂರ್ತಿ ತುಂಬುವುದಿಲ್ಲ. ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಎರಡೇ ವರ್ಷದಲ್ಲಿ ಅದರ ಕಥೆ ಮುಗಿಯುತ್ತದೆ. ಸೂರ್ಯನಿಗೆ ಅವಸರವಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸಣ್ಣ ಧಾರೆಯಲ್ಲಿ ಸುರಿಯುತ್ತ ಆ ಕೊನೆಯ ಪಾಲನ್ನು ಅವನು ಪುಕ್ಕಟೆಯಾಗಿ ತುಂಬುತ್ತಾನೆ. ಅನುಭವಿಗಳು ಮೋಡ ಕವಿದ ದಿನಗಳಲ್ಲಿ ಬೆಳಿಗ್ಗೆ ಒಂದು ಗಂಟೆ ಜನರೇಟರ್ ಹಾಕಿ, ಮಿಕ್ಕದ್ದನ್ನು ಪ್ಯಾನೆಲ್‌ಗೆ ಬಿಡುತ್ತಾರೆ. ಸಂಜೆ ಹೊತ್ತು ಜನರೇಟರ್ ಓಡಿಸುವವನಿಗೆ ನೆರೆಯವರ ಶಾಪವೂ ತಟ್ಟುತ್ತದೆ, ಬ್ಯಾಟರಿಗೆ ಹೆಚ್ಚಿನ ಲಾಭವೂ ಇಲ್ಲ.

ಎಷ್ಟು ವಾಟ್ ಬೇಕು? ಇದಕ್ಕೆ ಉತ್ತರ ಅಂಗಡಿಯಲ್ಲಿಲ್ಲ, ಗಾಡಿಯ ದೀಪದ ಬುರುಡೆಯಲ್ಲಿದೆ. ಹಳೆಯ ಮೋಟಾರ್‌ಹೋಮಿನ ಒಂದು ಬಲ್ಬು ಸುಮಾರು 18 ವಾಟಿನದು, ಒಂದೂವರೆ ಆಂಪಿಯರ್ ಎಳೆಯುತ್ತದೆ. ಆರು ಬಲ್ಬು ನಾಲ್ಕು ಗಂಟೆ ಉರಿದರೆ ಸುಮಾರು 35 ಆಂಪಿಯರ್-ಅವರ್ (ಏಎಚ್) ಖರ್ಚು. ಗ್ಯಾಸ್ ಹೀಟರಿನ ಫ್ಯಾನು ಏಳು ಆಂಪಿಯರಿನಂತೆ ರಾತ್ರಿಯಿಡೀ ನಿಂತು ನಿಂತು ಒಟ್ಟು ನಾಲ್ಕು ಗಂಟೆ ಓಡಿದರೆ 28 ಏಎಚ್. ಗ್ಯಾಸ್ ಸೋರಿಕೆ ಪತ್ತೆ ಮಾಡುವ ಸಾಧನ, ಫ್ರಿಜ್ಜಿನ ಸರ್ಕ್ಯೂಟ್ ಬೋರ್ಡು ಇತ್ಯಾದಿ ಸದ್ದಿಲ್ಲದ ಖರ್ಚು ದಿನಕ್ಕೆ 12. ಪಂಪು ಎರಡು, ಫೋನು, ಲ್ಯಾಪ್‌ಟಾಪು, ಸಣ್ಣ ಟಿವಿ ಸೇರಿ ಇಪ್ಪತ್ತು. ಒಟ್ಟು ನೂರಕ್ಕೆ ಹತ್ತಿರ ಬಂತು. ಅದೇ ಆರು ಬಲ್ಬಿನ ಜಾಗದಲ್ಲಿ ಎಲ್‌ಇಡಿ ಹಾಕಿದರೆ ದೀಪದ ಖರ್ಚು 35ರಿಂದ ಐದಕ್ಕೆ ಇಳಿಯುತ್ತದೆ, ಒಟ್ಟು ಖರ್ಚು ಎಪ್ಪತ್ತರೊಳಗೆ ನಿಲ್ಲುತ್ತದೆ.

ಆ ಮೂವತ್ತು ಏಎಚ್ ಉಳಿತಾಯವನ್ನು ಚಾವಣಿಯ ಭಾಷೆಗೆ ತಂದರೆ ಅದರ ಬೆಲೆ ತಿಳಿಯುತ್ತದೆ. ಕ್ವಾರ್ಟ್‌ಸೈಟ್ ಇರುವುದು ಉತ್ತರ ಅಕ್ಷಾಂಶ 33 ಡಿಗ್ರಿ ದಾಟಿ. ಡಿಸೆಂಬರ್ ಕೊನೆಯ ವಾರ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 33 ಡಿಗ್ರಿಯಷ್ಟೇ ಮೇಲಿರುತ್ತಾನೆ. ಬೆಂಗಳೂರಿನಲ್ಲಿ ಅದೇ ದಿನ ಅವನು 53 ಡಿಗ್ರಿ ಏರಿರುತ್ತಾನೆ. ಚಾವಣಿಗೆ ಅಂಗಾತ ಮಲಗಿಸಿದ ಪ್ಯಾನೆಲ್‌ಗೆ ಬೆಂಗಳೂರಿನಲ್ಲಿ ನೇರ ಬಿಸಿಲಿನ ನೂರಕ್ಕೆ ಎಂಬತ್ತು ಪಾಲು ದಕ್ಕಿದರೆ, ಅರಿಜೋನಾದಲ್ಲಿ ಐವತ್ತನಾಲ್ಕು ಪಾಲು. ಇಡೀ ದಿನದ ಬಿಸಿಲನ್ನು ಒಟ್ಟುಗೂಡಿಸಿದರೆ ಪೂರ್ಣ ಬಿಸಿಲಿನ ಮೂರು ಗಂಟೆಯಷ್ಟಾಗುತ್ತದೆ. ಶಾಖ, ಧೂಳು, ವೈರಿನ ನಷ್ಟವೆಂದು ಕಾಲು ಭಾಗ ಕಳೆದರೆ 400 ವಾಟ್ ಪ್ಯಾನೆಲ್ ದಿನಕ್ಕೆ 70 ಏಎಚ್ ಆಸುಪಾಸು ಕೊಟ್ಟೀತು. ಎಲ್‌ಇಡಿ ಹಾಕಿದವನಿಗೆ 400 ವಾಟ್ ಸಾಕಾದರೆ, ಹಳೇ ಬಲ್ಬಿನವನಿಗೆ 550 ಬೇಕು. ಆರು ಬಲ್ಬು ಬದಲಿಸಿದ್ದಕ್ಕೆ ನೂರು ವಾಟಿನ ಒಂದೂವರೆ ಪ್ಯಾನೆಲ್ ಉಳಿಯಿತು. ಪ್ಯಾನೆಲನ್ನು ದಕ್ಷಿಣಕ್ಕೆ ವಾಲಿಸಿ ನಿಲ್ಲಿಸುವ ಕಾಲು ಹಾಕಿಸಿಕೊಂಡರೆ ಚಳಿಗಾಲದ ಗಳಿಕೆ ಇನ್ನೂ ಅರ್ಧದಷ್ಟು ಹೆಚ್ಚುತ್ತದೆ. ಆದರೆ ಪ್ರತಿ ನಿಲುಗಡೆಯಲ್ಲೂ ಏಣಿ ಹತ್ತಬೇಕು. ಮರೆತು ಗಾಡಿ ಬಿಟ್ಟರೆ ಹೆದ್ದಾರಿಯ ಗಾಳಿಗೆ ಪ್ಯಾನೆಲ್ ಕಿತ್ತುಹೋಗುತ್ತದೆ. ಎಪ್ಪತ್ತರ ವಯಸ್ಸಿನವರಿಗೆ ಏಣಿಗಿಂತ ಇನ್ನೊಂದು ಪ್ಯಾನೆಲ್ಲೇ ಮೇಲು.

ಚಾವಣಿಯಲ್ಲಿ ಜಾಗವಂತೂ ಸಲೀಸಾಗಿ ಸಿಗುವುದಿಲ್ಲ. ನೂರು ವಾಟಿನ ಪ್ಯಾನೆಲ್ ಒಂದು ಮೀಟರಿಗಿಂತ ಸ್ವಲ್ಪ ಉದ್ದ, ಅರ್ಧ ಮೀಟರ್ ಅಗಲ. ಏಸಿಯ ಗೂಡು, ಗಾಳಿಗಿಂಡಿಗಳು, ಟಿವಿ ಆಂಟೆನಾ ಇವುಗಳ ನಡುವೆ ಅದನ್ನು ಹೊಂದಿಸಬೇಕು, ಅದೂ ನೆರಳು ಬೀಳದಂತೆ. ಪ್ಯಾನೆಲ್ಲಿನ ಕೋಶಗಳು ಒಂದರ ಹಿಂದೆ ಒಂದು ಸರಪಳಿಯಾಗಿ ಜೋಡಿಸಿದವು. ಒಂದೆರಡು ಕೋಶಗಳ ಮೇಲೆ ಆಂಟೆನಾದ ನೆರಳು ಬಿದ್ದರೂ ಆ ಸಾಲಿನ ಕರೆಂಟೆಲ್ಲ ಕುಗ್ಗುತ್ತದೆ. ಬೈಪಾಸ್ ಡಯೋಡುಗಳಿದ್ದರೂ ಅರ್ಧ ಪ್ಯಾನೆಲ್ ಹೋದಂತೆಯೇ.

ಇನ್ನು ತೂತು ಕೊರೆಯುವ ವಿಚಾರ. ಹಳೆಯ ಗಾಡಿಗಳನ್ನು ಕೊಲ್ಲುವುದು ಎಂಜಿನ್ನಲ್ಲ, ಮಳೆನೀರು. ಚಾವಣಿಯ ಒಂದು ತಿರುಪಿನ ಬುಡದಲ್ಲಿ ಜಿನುಗಿದ ನೀರು ಒಳಗಿನ ಪ್ಲೈವುಡ್ಡನ್ನು ವರ್ಷಗಟ್ಟಲೆ ಕೊಳೆಸುತ್ತದೆ, ಹೊರಗೆ ಸುಳಿವೇ ಸಿಗುವುದಿಲ್ಲ. ತಿಳಿದವರು ತಿರುಪಿನ ಅಡಿಗೆ ಬ್ಯುಟೈಲ್ ಪಟ್ಟಿ ಇಟ್ಟು, ಮೇಲೆ ತಾನಾಗಿ ಹರಡಿಕೊಳ್ಳುವ ಸೀಲೆಂಟ್ ಸುರಿಯುತ್ತಾರೆ. ಪ್ಲೈವುಡ್ಡಿಗೆ ಮಾತ್ರ ತಿರುಪು ಹಾಕದೆ ಅದರ ಕೆಳಗಿನ ಅಡ್ಡಪಟ್ಟಿ ಹುಡುಕಿ ಹಾಕುತ್ತಾರೆ. ವೈರನ್ನು ಒಳಕ್ಕೆ ಇಳಿಸಲು ಹೊಸ ತೂತೇ ಬೇಡ. ಗ್ಯಾಸ್ ಫ್ರಿಜ್ಜಿನ ಬೆನ್ನಿಗೆ ಚಾವಣಿಯವರೆಗೆ ಒಂದು ಗಾಳಿಗೂಡು ಇರುತ್ತದೆ. ಆ ಫ್ರಿಜ್ಜು ವಿಚಿತ್ರ ಯಂತ್ರ: ಬೆಂಕಿಯ ಶಾಖದಿಂದ ಅಮೋನಿಯಾ ಕುದಿಸಿ ತಂಪು ಮಾಡುತ್ತದೆ, ಆ ಶಾಖ ಹೊರಹೋಗಲು ಈ ಗೂಡು. ಅದರ ಮುಚ್ಚಳದಡಿ ವೈರು ತೂರಿಸಿದರೆ ಒಂದು ಹನಿ ನೀರೂ ಬರದು. ಉರಿಯುವ ಬರ್ನರ್, ಹೊಗೆಕೊಳವೆಯಿಂದ ದೂರ ಇಟ್ಟರಾಯಿತು.

ವೈರು ಕೆಳಗಿಳಿದ ಮೇಲೆ ಹಳೇ ಗಾಡಿಯ ರೋಗಗಳೆಲ್ಲ ಒಂದೊಂದಾಗಿ ಹೊರಬೀಳುತ್ತವೆ. 12 ವೋಲ್ಟಿನ ಲೋಕದಲ್ಲಿ ವೈರಿನ ದಪ್ಪವೇ ದೇವರು. 400 ವಾಟನ್ನು 13 ವೋಲ್ಟಿನಲ್ಲಿ ಸಾಗಿಸಲು 30 ಆಂಪಿಯರ್ ಹರಿಯಬೇಕು. ಐದು ಚದರ ಮಿಲಿಮೀಟರಿನ ವೈರಿನಲ್ಲಿ ಅದನ್ನು ಐದು ಮೀಟರ್ ದೂರ ಒಯ್ದರೆ ಹೋಗಿಬರುವ ದಾರಿಯಲ್ಲಿ ಸುಮಾರು ಒಂದು ವೋಲ್ಟು ಶಾಖವಾಗಿ ಕಳೆದುಹೋಗುತ್ತದೆ. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟು ಲೆಕ್ಕಕ್ಕಿಲ್ಲ. ಇಲ್ಲಿ ಅದು ಬ್ಯಾಟರಿ ತುಂಬುವುದಕ್ಕೂ ತುಂಬದೇ ಇರುವುದಕ್ಕೂ ಇರುವ ಅಂತರ.

ಇದಕ್ಕೆ ಜಾಣ ಪರಿಹಾರ, ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ ಕೂತು ಚಾರ್ಜನ್ನು ನಿಯಂತ್ರಿಸುವ ಎಂಪಿಪಿಟಿ ಚಾರ್ಜ್ ಕಂಟ್ರೋಲರ್. ಸಾಮಾನ್ಯ 12 ವೋಲ್ಟ್ ಪ್ಯಾನೆಲ್ ಹದವಾಗಿ ದುಡಿಯುವುದು 18 ವೋಲ್ಟಿನಲ್ಲಿ. ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದುಬಿಡುತ್ತದೆ. ನೂರು ವಾಟಿನಲ್ಲಿ ಎಪ್ಪತ್ತು ಚಿಲ್ಲರೆ ಉಳಿಯುತ್ತದೆ. ಎಂಪಿಪಿಟಿ ಹೆಚ್ಚಿನ ವೋಲ್ಟೇಜನ್ನು ಹೆಚ್ಚಿನ ಆಂಪಿಯರಿಗೆ ಬದಲಿಸಿಕೊಳ್ಳುತ್ತದೆ. ಅದರಿಂದ ಇನ್ನೊಂದು ಉಪಕಾರವೂ ಇದೆ: ನಾಲ್ಕು ಪ್ಯಾನೆಲನ್ನು ಸರಣಿಯಲ್ಲಿ ಜೋಡಿಸಿ 72 ವೋಲ್ಟಿನಲ್ಲಿ ಕೆಳಗಿಳಿಸಿದರೆ ಹರಿಯುವುದು ಐದೂವರೆ ಆಂಪಿಯರ್ ಮಾತ್ರ, ಅದೇ ತೆಳು ವೈರು ಸಾಕಾಗುತ್ತದೆ. ಷರತ್ತು ಏನೆಂದರೆ ಕಂಟ್ರೋಲರ್ ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು. ಅಂದಕ್ಕೆಂದು ಅಡುಗೆಕಟ್ಟೆಯ ಗೋಡೆಗೆ ಹಾಕಿದರೆ ಅಲ್ಲಿಂದ ಬ್ಯಾಟರಿಗೆ ಮತ್ತೆ ಆ ಒಂದು ವೋಲ್ಟಿನ ನಷ್ಟವೇ. ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿಯ ತಂತಿ, ಆಮೇಲೆ ಪ್ಯಾನೆಲಿನದು, ಬಿಚ್ಚುವಾಗ ತಿರುಗುಮುರುಗು. ಚಳಿಯಲ್ಲಿ ಪ್ಯಾನೆಲಿನ ವೋಲ್ಟೇಜು ಏರುತ್ತದೆ, ಡಿಗ್ರಿಗೆ ನೂರಕ್ಕೆ 0.3 ಪಾಲಿನಷ್ಟು. ಸರಣಿ ಲೆಕ್ಕ ಹಾಕುವಾಗ ಅದನ್ನು ಸೇರಿಸದಿದ್ದರೆ ಹಿಮ ಬೀಳುವ ಊರಿನ ಒಂದು ಸ್ವಚ್ಛ ಬೆಳಿಗ್ಗೆ ಕಂಟ್ರೋಲರ್ ಸುಟ್ಟುಹೋಗಬಹುದು.

ಹಳೇ ಗಾಡಿಯ ನೆಗೆಟಿವ್ ಸಂಪರ್ಕ ಬೇರೆಯದೇ ಕಥೆ. ವೈರು ಉಳಿಸಲು ತಯಾರಕರು ಗಾಡಿಯ ಕಬ್ಬಿಣದ ಚಾಸಿಯನ್ನೇ ನೆಗೆಟಿವ್ ದಾರಿಯಾಗಿ ಬಳಸಿದ್ದರು. ನಲವತ್ತು ವರ್ಷದ ತುಕ್ಕು ಆ ದಾರಿಗೆ ಅಡ್ಡ ಕೂತಿರುತ್ತದೆ. ದೀಪ ಮಂಕಾಗುವುದು, ಪಂಪು ಮುಕ್ಕರಿಯುವುದು, ಹೊಸ ಬ್ಯಾಟರಿ ಹಾಕಿದರೂ ಹೀಟರ್ ಹತ್ತದಿರುವುದು ಇವೆಲ್ಲಕ್ಕೂ ಎಷ್ಟೋ ಸಲ ಮದ್ದು ತಂತಿ ಬ್ರಷ್ಷು ಮತ್ತು ಹೊಸ ಬೋಲ್ಟು. ಬ್ಯಾಟರಿಯ ಪಾಸಿಟಿವ್ ತುದಿಗೆ ಆದಷ್ಟು ಹತ್ತಿರದಲ್ಲಿ ಫ್ಯೂಸ್ ಇಲ್ಲದ ಗಾಡಿಗಳೂ ಉಂಟು. 12 ವೋಲ್ಟು ಮನುಷ್ಯನಿಗೆ ಶಾಕ್ ಹೊಡೆಯದು ನಿಜ. ಆದರೆ ಶಾರ್ಟ್ ಆದ ಬ್ಯಾಟರಿ ನೂರಾರು ಆಂಪಿಯರ್ ಹರಿಸಿ ಸ್ಪ್ಯಾನರನ್ನೇ ಕೆಂಡ ಮಾಡಬಲ್ಲದು.

ಇನ್ವರ್ಟರ್ ಸೇರಿಸುವಾಗ ಎರಡು ಬಲೆಗಳಿವೆ. ಗಾಡಿಯ ಹೊರಗಿನ ಪ್ಲಗ್ಗನ್ನೇ ಇನ್ವರ್ಟರಿಗೆ ಚುಚ್ಚಿಬಿಟ್ಟರೆ ಎಲ್ಲ ಕಡೆ 120 ವೋಲ್ಟು ಬರುತ್ತದೆ, ಸಲೀಸು ಎಂದು ಹಲವರು ಹಾಗೆ ಮಾಡುತ್ತಾರೆ. ಆಗ ಕನ್ವರ್ಟರೂ ಎದ್ದು ಕೂತು ಬ್ಯಾಟರಿಯನ್ನು ಚಾರ್ಜ್ ಮಾಡಲು ಶುರುಮಾಡುತ್ತದೆ, ಅದೇ ಬ್ಯಾಟರಿಯ ಕರೆಂಟಿನಿಂದ. ಈ ಕಡೆ ಫ್ರಿಜ್ಜು ‘ಆಟೊ’ದಲ್ಲಿದ್ದರೆ 120 ವೋಲ್ಟು ಕಂಡದ್ದೇ ತಡ, ಗ್ಯಾಸ್ ಆರಿಸಿ 300 ವಾಟಿಗೂ ಮೇಲ್ಪಟ್ಟ ತನ್ನ ವಿದ್ಯುತ್ ಹೀಟರಿಗೆ ಹೊರಳುತ್ತದೆ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದು. ಕನ್ವರ್ಟರಿನ ಬ್ರೇಕರ್ ಆಫ್ ಮಾಡಿ, ಫ್ರಿಜ್ಜನ್ನು ಗ್ಯಾಸಿಗೆ ಕಟ್ಟಿಹಾಕಿದರೆ ಎರಡೂ ಬಲೆ ತಪ್ಪುತ್ತವೆ. ಇನ್ವರ್ಟರನ್ನು ನೀರು ಹಾಕುವ ಬ್ಯಾಟರಿಗಳ ಗೂಡಿನಲ್ಲೇ ಇಡುವ ಹಾಗಿಲ್ಲ: ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. ಜನರೇಟರ್, ಹೊರಗಿನ ಪ್ಲಗ್, ಇನ್ವರ್ಟರ್ ಮೂರನ್ನೂ ಒಂದೇ ಬೋರ್ಡಿಗೆ ತರುವ ಟ್ರಾನ್ಸ್‌ಫರ್ ಸ್ವಿಚ್ಚಿನ ಕೆಲಸವನ್ನಂತೂ ಬಲ್ಲ ಎಲೆಕ್ಟ್ರಿಷಿಯನ್ನನ ಕೈಗೆ ಕೊಡುವುದೇ ಕ್ಷೇಮ.

ಈಗೀಗ ಲೆಡ್-ಆಸಿಡ್ ಬಿಟ್ಟು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಹೋಗುವವರು ಹೆಚ್ಚು. ಕಾರಣವಿದೆ. ಲೆಡ್-ಆಸಿಡ್ಡನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕಡಿಮೆ. ಲಿಥಿಯಮ್ಮಿನಲ್ಲಿ ನೂರಕ್ಕೆ ಎಂಬತ್ತು, ತೊಂಬತ್ತು ಬಳಸಬಹುದು. ಗಾಲ್ಫ್ ಗಾಡಿಯ ಎರಡು ಆರು-ವೋಲ್ಟ್ ಬ್ಯಾಟರಿ ಸೇರಿದರೆ 55 ಕಿಲೋ ದಾಟುತ್ತದೆ, ಅಷ್ಟೇ ಬಳಕೆಗೆ ಒದಗುವ ಲಿಥಿಯಂ ಅದರ ಅರ್ಧ ತೂಕವೂ ಇಲ್ಲ. ಆದರೆ ಹಳೇ ಗಾಡಿಗೆ ಅದನ್ನು ನೇರವಾಗಿ ಕೂರಿಸುವಂತಿಲ್ಲ. ಲಿಥಿಯಂ ಕರೆಂಟನ್ನು ಗಟಗಟ ಕುಡಿಯುತ್ತದೆ. ಎಪ್ಪತ್ತರ ದಶಕದ ಆಲ್ಟರ್ನೇಟರ್ ಗಂಟೆಗಟ್ಟಲೆ ಪೂರ್ತಿ ಸಾಮರ್ಥ್ಯದಲ್ಲಿ ದುಡಿದರೆ ಸುಟ್ಟುಹೋಗಬಹುದು. ನಡುವೆ ಇಪ್ಪತ್ತೋ ಮೂವತ್ತೋ ಆಂಪಿಯರಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಬೇಕು, ಹಳೇ ಕನ್ವರ್ಟರನ್ನೂ ಬದಲಿಸಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಮ್ಮನ್ನು ಚಾರ್ಜ್ ಮಾಡಿದರೆ ಅದು ಶಾಶ್ವತವಾಗಿ ಕೆಡುತ್ತದೆ. ಗಾಡಿಯ ಹೊರಗೂಡಿನಲ್ಲಿ ಇಡುವವರು ಅದನ್ನು ಮರೆಯುವಂತಿಲ್ಲ. ವರ್ಷಕ್ಕೆ ಎರಡು ವಾರ ಸುತ್ತುವವರಿಗೆ ಇಷ್ಟೆಲ್ಲ ಖರ್ಚು ದಂಡ. ನೀರು ಹಾಕುವ ಬ್ಯಾಟರಿಯೇ ಸಾಕು.

ಕರ್ನಾಟಕದ ಓದುಗರಿಗೆ ಇದು ದೂರದ ಸಂಗತಿ ಅನ್ನಿಸಬೇಕಿಲ್ಲ. ಹರೀಶ್ ಹಂದೆ ಮತ್ತು ಸಂಗಡಿಗರು 1995ರಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ ಕರಾವಳಿ, ಮಲೆನಾಡಿನ ಹಳ್ಳಿಗಳ ಮನೆಗಳಿಗೆ ಒದಗಿಸಿದ ಸೋಲಾರ್ ದೀಪದ ವ್ಯವಸ್ಥೆಯ ಮೂಲವಿನ್ಯಾಸ ಇದೇ: ಸೂರಿನ ಮೇಲೆ ಪ್ಯಾನೆಲ್, ಗೋಡೆಯಲ್ಲಿ ಕಂಟ್ರೋಲರ್, ಮೂಲೆಯಲ್ಲಿ 12 ವೋಲ್ಟ್ ಬ್ಯಾಟರಿ, ನೇರ ಡಿಸಿ ದೀಪ. ಅಲ್ಲೂ ಮೊದಲ ಪ್ರಶ್ನೆ ಪ್ಯಾನೆಲ್ ಎಷ್ಟು ದೊಡ್ಡದು ಎಂಬುದಲ್ಲ. ಎಷ್ಟು ದೀಪ, ಎಷ್ಟು ಹೊತ್ತು ಎಂಬುದು.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: ಸೋಲಾರಿನಲ್ಲಿ ಏಸಿ ನಡೆಯುತ್ತದೆಯೇ? ಚಾವಣಿಯ ಸಾಮಾನ್ಯ ಏಸಿ ಓಡುವಾಗ 1,500 ವಾಟ್ ಆಸುಪಾಸು ಬೇಡುತ್ತದೆ. ಇನ್ವರ್ಟರಿನ ನಷ್ಟವೂ ಸೇರಿದರೆ ಹನ್ನೆರಡು ವೋಲ್ಟಿನಲ್ಲಿ ಅದು 130 ಆಂಪಿಯರ್ ದಾಟುತ್ತದೆ. ನೂರು ಏಎಚ್ ಲಿಥಿಯಂ ಬ್ಯಾಟರಿ ಒಂದು ಗಂಟೆಯೂ ಬಾಳದು. ಹಳೇ ಗಾಡಿಯ ಚಾವಣಿಯಲ್ಲಿ ಹಿಡಿಸುವ ಪ್ಯಾನೆಲ್‌ಗಳಿಂದ ಅದನ್ನು ದಿನವಿಡೀ ಓಡಿಸುವ ಹಂಬಲ ಬಿಡುವುದೇ ಒಳ್ಳೆಯದು. ಹಾಗಾಗಿ ಸೋಲಾರ್ ಹಾಕಿಸಿದ ಉತ್ಸಾಹದಲ್ಲಿ ಹಳೇ ಜನರೇಟರನ್ನು ಕಿತ್ತು ಮಾರಬೇಡಿ. ಬಳಸದೆ ಬಿಟ್ಟರೆ ಅದರ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಂಟುಗಟ್ಟುತ್ತದೆ. ತಿಂಗಳಿಗೊಮ್ಮೆ ಎರಡು ಗಂಟೆ, ಅರ್ಧ ಲೋಡಿನ ಮೇಲೆ ಓಡಿಸಬೇಕು ಎಂಬುದು ಅದರ ತಯಾರಕರೇ ಕೊಡುವ ಸಲಹೆ. ಆ ಎರಡು ಗಂಟೆಗೆ ಏಸಿ ಹಾಕಿಕೊಂಡರೆ ಲೋಡೂ ಆಯಿತು.